ಐದು ಮಾರ್ಕ್ಸಿನಾಚೆಗೂ ಕವಿತೆ ಇದೆ

ಕನ್ನಡ ಸಂಘದ ಪತ್ರಿಕೆಗೆ ಇಂಗ್ಲಿಷ್ ಕವಿತೆಗಳ ಬಗ್ಗೆ ಬರೀತೀವಿ ಅಂದಾಗ ಸಂಪಾದಕ ಮಂಡಳಿಯ ಸೀನಿಯರ್ ಒಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ‘ಏನ್ರೋ, ನವೆಂಬರ್ ಮುಗಿದ ತಕ್ಷಣ ಪಾರ್ಟಿ ಬದಲಾಯಿಸಿಬಿಟ್ರಾ?’ ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ರೂಮಿಗೆ ಬಂದ ಮೇಲೆ ಅದೇ ಪ್ರಶ್ನೆ ತಲೆಯಲ್ಲಿ ಕೂತಿತ್ತು. ನಾವು ನಿಜವಾಗಿ ಯಾವ ಪಾರ್ಟಿ?

ನಾವು ಅಂದರೆ ಯಾರು ಅಂತ ಮೊದಲೇ ಹೇಳಿಬಿಡ್ತೀವಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕನ್ನಡ ಮಾತಾಡಿದರೆ ಫೈನ್. ಈಗ ಮೆಕ್ಯಾನಿಕಲ್ ಎರಡನೇ ವರ್ಷ. ನಮ್ಮನ್ನು ಕಂಡರೆ ಎರಡು ಥರದ ತಪ್ಪು ತಿಳಿವಳಿಕೆ ಇದೆ. ಒಂದು, ಇವರಿಗೆ ಕನ್ನಡ ಬರಲ್ಲ. ಇನ್ನೊಂದು, ಇವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೆ. ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರ್ತಿ ಸುಳ್ಳು.

ಹೇಗೆ ಅಂದರೆ, ಹನ್ನೆರಡು ವರ್ಷ ನಾವು ಇಂಗ್ಲಿಷ್ ಕವಿತೆ ಓದಿದ್ದೇವೆ. ಓದಿದ್ದು ಅನ್ನೋದಕ್ಕಿಂತ ಬಾಯಿಪಾಠ ಮಾಡಿದ್ದೇವೆ. ಸೆಂಟ್ರಲ್ ಐಡಿಯಾ ಐದು ಮಾರ್ಕ್ಸು, ರೈಮ್ ಸ್ಕೀಮ್ ಒಂದು ಮಾರ್ಕ್ಸು, ಎರಡು ಪೊಯೆಟಿಕ್ ಡಿವೈಸ್ ಹುಡುಕಿದರೆ ಎರಡು ಮಾರ್ಕ್ಸು. ಗೈಡಿನಲ್ಲಿ ಉತ್ತರ ರೆಡಿ ಇರುತ್ತಿತ್ತು. ಕವಿತೆಯನ್ನೇ ಓದದೆ ಅದರ ಬಗ್ಗೆ ಫುಲ್ ಮಾರ್ಕ್ಸ್ ತಗೊಂಡವರು ನಾವು. ಪರೀಕ್ಷೆ ಮುಗಿದ ದಿನ ಪುಸ್ತಕ ರದ್ದಿಗೆ ಹೋಯಿತು, ಕವಿತೆಯೂ ಅದರ ಜೊತೆ ಹೋಯಿತು. ಕನ್ನಡ ಕವಿತೆ ನಮ್ಮದಾಗಲಿಲ್ಲ, ಸರಿ. ಇಂಗ್ಲಿಷ್ ಕವಿತೆಯೂ ನಮ್ಮದಾಗಲಿಲ್ಲ ಅನ್ನೋದನ್ನು ಯಾರೂ ಹೇಳಲ್ಲ.

ಕಳೆದ ಸೆಮಿಸ್ಟರಿನಲ್ಲಿ ನಾವು ಐದಾರು ಜನ ಸೇರಿ, ಮೆಸ್ ಊಟ ಮುಗಿದ ಮೇಲೆ, ದಿನಕ್ಕೆ ಒಂದರಂತೆ ಹಳೇ ಇಂಗ್ಲಿಷ್ ಕವಿತೆಗಳನ್ನು ಓದಲು ಶುರು ಮಾಡಿದೆವು. ಒಬ್ಬರು ಜೋರಾಗಿ ಓದಬೇಕು, ಉಳಿದವರು ಅದು ಏನು ಹೇಳುತ್ತೆ ಅಂತ ಕನ್ನಡದಲ್ಲಿ ಹೇಳಬೇಕು. ಇಷ್ಟೇ ನಿಯಮ. ಅದರಲ್ಲಿ ಉಳಿದುಕೊಂಡ ಕೆಲವನ್ನು ಇಲ್ಲಿ ಶಿಫಾರಸು ಮಾಡುತ್ತಿದ್ದೇವೆ. ಇದು ಬೆಸ್ಟ್ ಕವಿತೆಗಳ ಪಟ್ಟಿ ಅಲ್ಲ, ನಮಗೆ ಬೇಕಾದ ಹೊತ್ತಿಗೆ ಕೈಗೆ ಸಿಕ್ಕ ಕವಿತೆಗಳ ಪಟ್ಟಿ.

ಆಯ್ಕೆಯ ಬಗ್ಗೆ: ದ ರೋಡ್ ನಾಟ್ ಟೇಕನ್

ಸಿಬಿಎಸ್‌ಇಯಲ್ಲಿ ಓದಿದವರಿಗೆ ಒಂಬತ್ತನೇ ಕ್ಲಾಸಿನ ‘ಬೀಹೈವ್’ ಪುಸ್ತಕ ನೆನಪಿರಬಹುದು. ಅದರ ಮೊದಲ ಕವಿತೆ ರಾಬರ್ಟ್ ಫ್ರಾಸ್ಟ್ ಬರೆದ ಇದೇ. ರೈಮ್ ಸ್ಕೀಮ್ ಎ-ಬಿ-ಎ-ಎ-ಬಿ, ಇವತ್ತಿಗೂ ಮರೆತಿಲ್ಲ. ನಮಗೆ ಬರೆಸಿದ ಸೆಂಟ್ರಲ್ ಐಡಿಯಾ ಹೀಗಿತ್ತು: ಎಲ್ಲರೂ ಹೋಗುವ ದಾರಿ ಬಿಟ್ಟು ನಿಮ್ಮದೇ ದಾರಿ ಹಿಡಿಯಿರಿ, ಯಶಸ್ಸು ನಿಮ್ಮದು. ಮೋಟಿವೇಶನ್ ಪೋಸ್ಟರುಗಳಲ್ಲೂ ಇದೇ.

ಈ ಸಲ ನಿಧಾನವಾಗಿ ಓದಿದಾಗ ಬೇರೆಯೇ ಕಾಣಿಸಿತು. ಆ ಎರಡು ದಾರಿಗಳೂ ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ದವು ಅಂತ ಕವಿತೆಯೇ ನಡುವೆ ಹೇಳುತ್ತದೆ. ವ್ಯತ್ಯಾಸ ಇದ್ದದ್ದು ದಾರಿಯಲ್ಲಲ್ಲ, ಮುಂದೆ ಎಷ್ಟೋ ವರ್ಷ ಆದಮೇಲೆ ನಿಟ್ಟುಸಿರು ಬಿಟ್ಟು ಈ ಆಸಾಮಿ ಹೇಳಿಕೊಳ್ಳಲಿರುವ ಕಥೆಯಲ್ಲಿ. ಈ ಕವಿತೆ ಹುಟ್ಟಿದ್ದೇ ಒಂದು ತಮಾಷೆಯಿಂದ. ಫ್ರಾಸ್ಟ್ ಇಂಗ್ಲೆಂಡಿನಲ್ಲಿದ್ದಾಗ ಎಡ್ವರ್ಡ್ ಥಾಮಸ್ ಎಂಬ ಗೆಳೆಯನ ಜೊತೆ ವಾಕಿಂಗ್ ಹೋಗುತ್ತಿದ್ದರು. ಯಾವ ದಾರಿಯಲ್ಲಿ ಹೋದರೂ ‘ಛೇ, ಆ ಕಡೆ ಹೋಗಿದ್ದರೆ ಇನ್ನೂ ಚೆನ್ನಾಗಿತ್ತು’ ಅಂತ ಪೇಚಾಡುವ ಸ್ವಭಾವ ಥಾಮಸ್‌ದು. ಅದನ್ನು ಕೀಟಲೆ ಮಾಡಿ ಬರೆದ ಕವಿತೆ 1915ರಲ್ಲಿ ಅಚ್ಚಾಯಿತು. ಥಾಮಸ್ ಅದೇ ವರ್ಷ ಸೈನ್ಯ ಸೇರಿದರು, 1917ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅರಾಸ್‌ನಲ್ಲಿ ಸತ್ತರು. ಇದು ಗೊತ್ತಾದ ಮೇಲೆ ಆ ಪೋಸ್ಟರನ್ನು ಮೊದಲಿನ ಥರ ನೋಡಲು ಆಗಲ್ಲ.

ಸಿಇಟಿ ಆಪ್ಷನ್ ಎಂಟ್ರಿ ದಿನ ನೆನಪು ಮಾಡಿಕೊಳ್ಳಿ. ಸೈಬರ್ ಸೆಂಟರಿನಲ್ಲಿ ಅಪ್ಪ ಹಿಂದೆ ನಿಂತಿದ್ದಾರೆ, ಮಾವ ಫೋನಿನಲ್ಲಿದ್ದಾರೆ, ಆಪ್ಷನ್‌ಗಳನ್ನು ಮೇಲೆ ಕೆಳಗೆ ಮಾಡಿ ಮಾಡಿ ಸಾಕಾಗಿದೆ. ಅಷ್ಟು ಗಲಾಟೆಯಲ್ಲಿ ಆಯ್ದುಕೊಂಡ ಬ್ರಾಂಚಿಗೆ ಈಗ ಇಂಟರ್ವ್ಯೂನಲ್ಲಿ ಹೇಳಲು ‘ನನಗೆ ಚಿಕ್ಕಂದಿನಿಂದಲೂ ಮೆಷಿನ್ ಅಂದರೆ ಇಷ್ಟ’ ಅನ್ನುವ ಕಥೆ ಕಟ್ಟುತ್ತಿದ್ದೇವೆ. ಕವಿತೆ ನಮ್ಮನ್ನು ಬೈಯುವುದಿಲ್ಲ. ಸುಮ್ಮನೆ ನೋಡಿ ನಗುತ್ತದೆ. ‘ಸಿಎಸ್ ತಗೋಬೇಕಿತ್ತು’ ಅಂತ ದಿನಾ ಕೊರಗುವವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ಅಧಿಕಾರದ ಬಗ್ಗೆ: ಓಜಿಮ್ಯಾಂಡಿಯಸ್

ಹದಿನಾಲ್ಕೇ ಸಾಲು. ಶೆಲ್ಲಿ ಮತ್ತು ಅವನ ಗೆಳೆಯ ಹೊರೇಸ್ ಸ್ಮಿತ್ ಇಬ್ಬರೂ ಒಂದೇ ವಿಷಯ ಇಟ್ಟುಕೊಂಡು ಪೈಪೋಟಿಗೆ ಬಿದ್ದು ಒಂದೊಂದು ಸಾನೆಟ್ ಬರೆದರು. ಒಂಥರಾ ಹ್ಯಾಕಥಾನ್. ಶೆಲ್ಲಿಯದು 1818ರ ಜನವರಿಯಲ್ಲಿ ಬಂತು. ಸ್ಮಿತ್‌ನದನ್ನು ಈಗ ಶೆಲ್ಲಿಯ ನೆಪದಲ್ಲಿ ಮಾತ್ರ ನೆನೆಯುತ್ತಾರೆ. ಓಜಿಮ್ಯಾಂಡಿಯಸ್ ಅಂದರೆ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ಗೆ ಗ್ರೀಕರು ಇಟ್ಟ ಹೆಸರು. ಮರುಭೂಮಿಯಲ್ಲಿ ಮುರಿದುಬಿದ್ದ ವಿಗ್ರಹ, ಪೀಠದ ಮೇಲೆ ಜಂಬದ ಮಾತು, ಸುತ್ತ ಬರೀ ಮರಳು. ಇದಕ್ಕಿಂತ ಹೆಚ್ಚು ವಿವರಿಸಿದರೆ ಮಜಾ ಹೋಗುತ್ತೆ. ಫೆಸ್ಟ್ ಕಮಿಟಿ ಎಲೆಕ್ಷನ್ ಗೆದ್ದವರಿಗೆ ಗಿಫ್ಟ್ ಕೊಡಲು ಒಳ್ಳೆಯ ಕವಿತೆ.

ಪ್ರೀತಿಯ ಬಗ್ಗೆ: ಸಾನೆಟ್ 130

ಶೇಕ್ಸ್‌ಪಿಯರ್‌ನ 154 ಸಾನೆಟ್‌ಗಳು 1609ರಲ್ಲಿ ಪುಸ್ತಕವಾಗಿ ಬಂದವು. ಎಲ್ಲರೂ 18ನೆಯದನ್ನು ಸ್ಟೇಟಸ್‌ಗೆ ಹಾಕುತ್ತಾರೆ. ನಾವು 130 ಓದಿ ಅಂತೀವಿ. ಆ ಕಾಲದ ಕವಿಗಳು ಹುಡುಗಿಯ ಕಣ್ಣು ಸೂರ್ಯ, ತುಟಿ ಹವಳ ಅಂತೆಲ್ಲ ಬರೆಯುತ್ತಿದ್ದರು. ನಮ್ಮ ಹಳೇ ಸಿನಿಮಾ ಹಾಡಿನ ಚಂದ್ರ, ತಾವರೆಗಳ ಥರ. ಶೇಕ್ಸ್‌ಪಿಯರ್ ಒಂದೊಂದೇ ಹೋಲಿಕೆ ತೆಗೆದುಕೊಂಡು, ನನ್ನವಳು ಹಾಗೇನೂ ಇಲ್ಲ ಅಂತ ಹೇಳುತ್ತಾ ಹೋಗುತ್ತಾನೆ. ಇವನಿಗೆ ಏಟು ಗ್ಯಾರಂಟಿ ಅಂದುಕೊಳ್ಳುವ ಹೊತ್ತಿಗೆ ಕೊನೆಯ ಎರಡು ಸಾಲು ಬರುತ್ತವೆ. ಸುಳ್ಳು ಹೋಲಿಕೆ ಇಲ್ಲದೆಯೂ ಪ್ರೀತಿಸಬಹುದು ಅಂತ ಆಗ ಅರ್ಥವಾಗುತ್ತದೆ. ಫಿಲ್ಟರ್ ಹಾಕದ ಫೋಟೋ ಇದು.

ಯುದ್ಧದ ಬಗ್ಗೆ: ಡಲ್ಸೆ ಎಟ್ ಡೆಕೋರಮ್ ಎಸ್ಟ್

ಹೇಬರ್ ಪ್ರೊಸೆಸ್ ಗೊತ್ತಲ್ವಾ? ನೈಟ್ರೋಜನ್, ಹೈಡ್ರೋಜನ್, ಕಬ್ಬಿಣದ ಕ್ಯಾಟಲಿಸ್ಟ್, ಅಮೋನಿಯಾ. ಪಿಯುಸಿಯಲ್ಲಿ ನಾವೆಲ್ಲ ಗೀಚಿ ಗೀಚಿ ಕಲಿತದ್ದು. ಗೊಬ್ಬರ ತಯಾರಿಗೆ ದಾರಿ ಮಾಡಿ ಲೋಕಕ್ಕೆ ಅನ್ನ ಕೊಟ್ಟ ಆ ಫ್ರಿಟ್ಜ್ ಹೇಬರ್ ಅವರೇ 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಮ್ಮಿನ ಈಪ್ರ ಎಂಬಲ್ಲಿ ಜರ್ಮನ್ ಸೈನ್ಯ ಬಿಟ್ಟ ಕ್ಲೋರಿನ್ ಗ್ಯಾಸಿನ ಹಿಂದೆಯೂ ಇದ್ದರು. ನಮ್ಮ ಪುಸ್ತಕದಲ್ಲಿ ಈ ಎರಡನೇ ಪಾಠ ಇರಲಿಲ್ಲ. ಅದನ್ನು ನಮಗೆ ಕಲಿಸಿದ್ದು ವಿಲ್ಫ್ರೆಡ್ ಓವೆನ್‌ನ ಕವಿತೆ.

ಹೆಸರು ಲ್ಯಾಟಿನ್. ದೇಶಕ್ಕಾಗಿ ಸಾಯುವುದು ಸಿಹಿ, ಯೋಗ್ಯ ಅಂತ ಅರ್ಥ ಬರುವ ಹೊರೇಸ್ ಕವಿಯ ಮಾತಿನಿಂದ ತೆಗೆದದ್ದು. ಓವೆನ್ ಸ್ವತಃ ಸೈನಿಕ. ನಿದ್ದೆಗೆಟ್ಟು, ಕಾಲಿಗೆ ಬೂಟಿಲ್ಲದೆ, ಕೆಸರಿನಲ್ಲಿ ಕುಂಟುತ್ತಾ ಬರುತ್ತಿರುವ ಸೈನಿಕರು. ಗ್ಯಾಸ್ ಅಂತ ಕೂಗು. ಎಲ್ಲರೂ ಮಾಸ್ಕ್ ಹಾಕಿಕೊಳ್ಳುತ್ತಾರೆ, ಒಬ್ಬನಿಗೆ ತಡವಾಗುತ್ತದೆ. ಮಾಸ್ಕಿನ ಹಸಿರು ಗಾಜಿನೊಳಗಿಂದ ಕವಿ ಅವನು ಸಾಯುವುದನ್ನು ನೋಡುತ್ತಾನೆ. ಆಮೇಲೆ ಕನಸಿನಲ್ಲೂ ನೋಡುತ್ತಲೇ ಇರುತ್ತಾನೆ. ಇದನ್ನು ಜೋರಾಗಿ ಓದುತ್ತಿದ್ದವನು ನಡುವೆ ನಿಲ್ಲಿಸಿದ. ಯಾರೂ ಮುಂದುವರಿಸು ಅನ್ನಲಿಲ್ಲ.

ಓವೆನ್ ಸತ್ತದ್ದು 1918ರ ನವೆಂಬರ್ 4ರಂದು, ಯುದ್ಧ ಮುಗಿಯಲು ಒಂದೇ ವಾರ ಇರುವಾಗ. ಅವನಿಗೆ 25 ವರ್ಷ. ಸಾವಿನ ತಂತಿ ಅವನ ತಾಯಿಗೆ ತಲುಪಿದ್ದು ನವೆಂಬರ್ 11ರಂದು, ಊರಿಗೆ ಊರೇ ಯುದ್ಧ ನಿಂತಿತು ಅಂತ ಗಂಟೆ ಬಾರಿಸುತ್ತಿದ್ದ ದಿನ. ಯುದ್ಧದ ವಿಡಿಯೋಗೆ ಬಿಜಿಎಂ ಹಾಕಿ ರೀಲ್ಸ್ ಮಾಡಿ ಹಂಚುವ ನಾವು, ನಾಳೆ ಡ್ರೋನೋ ಮಿಸೈಲೋ ಡಿಸೈನ್ ಮಾಡುವ ಕಂಪನಿಗೆ ಸೇರಬಹುದಾದ ನಾವು, ಇದನ್ನು ಓದಿರಬೇಕು. ಸೇರಬಾರದು ಅಂತ ನಾವು ಹೇಳುತ್ತಿಲ್ಲ. ಓದಿ ಸೇರಿ ಅಂತಿದ್ದೇವೆ.

ದುಡಿಮೆಯ ಬಗ್ಗೆ: ದ ಸಾಂಗ್ ಆಫ್ ದ ಶರ್ಟ್

ಫೆಸ್ಟ್ ಟೀ-ಶರ್ಟಿಗೆ ಚೌಕಾಸಿ ಮಾಡಿ ಇಪ್ಪತ್ತು ರೂಪಾಯಿ ಇಳಿಸಿದ್ದಕ್ಕೆ ನಾವು ಹೆಮ್ಮೆಪಟ್ಟುಕೊಂಡ ವಾರವೇ ಇದನ್ನು ಓದಿದ್ದು. ಥಾಮಸ್ ಹುಡ್ 1843ರಲ್ಲಿ ‘ಪಂಚ್’ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಗೆ ಹೆಸರು ಹಾಕದೆ ಬರೆದ ಕವಿತೆ. ಲಂಡನ್ನಿನಲ್ಲಿ ಹೊಲಿಗೆ ಮಾಡಿ ಬದುಕುತ್ತಿದ್ದ ಒಬ್ಬ ವಿಧವೆ, ಮಕ್ಕಳ ಹೊಟ್ಟೆಗಾಗಿ ಮಾಲೀಕ ಹೊಲಿಯಲು ಕೊಟ್ಟ ಬಟ್ಟೆಯನ್ನೇ ಅಡವಿಟ್ಟು ಕೋರ್ಟು ಹತ್ತಿದ ಸುದ್ದಿ ಇದಕ್ಕೆ ಕಾರಣ. ಒಂದೇ ಪದ ಮತ್ತೆ ಮತ್ತೆ ಬಂದು ಹೊಲಿಗೆ ಮೆಷಿನ್ನಿನ ಸದ್ದು ಕೇಳಿದ ಹಾಗಾಗುತ್ತದೆ, ಆದರೆ ಆ ಹೆಂಗಸಿನ ಬಳಿ ಮೆಷಿನ್ನೂ ಇರಲಿಲ್ಲ, ಬರೀ ಸೂಜಿ. ಬೆಳಿಗ್ಗೆ ಮೈಸೂರು ರಸ್ತೆಯಲ್ಲೋ ಪೀಣ್ಯದಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಿಂದ ತುಂಬಿದ ಟೆಂಪೋಗಳನ್ನು ನೋಡಿದ್ದೀರಲ್ಲ. ನಮ್ಮ ಟೀ-ಶರ್ಟ್ ಎಲ್ಲಿಂದ ಬಂತು ಅಂತ ನಾವು ಕೇಳಿರಲಿಲ್ಲ.

ನಂಬರ್ ಆಗುವುದರ ಬಗ್ಗೆ: ದಿ ಅನ್‌ನೋನ್ ಸಿಟಿಜನ್

ಡೇಟಾ ಸೈನ್ಸ್ ಹುಡುಗರಿಗೆ ಇದು. ಡಬ್ಲ್ಯು.ಎಚ್. ಆಡೆನ್ 1939ರಲ್ಲಿ ಅಮೆರಿಕಕ್ಕೆ ಹೋದ ಹೊಸದರಲ್ಲಿ ಬರೆದದ್ದು. ಸರ್ಕಾರ ಒಬ್ಬ ಆದರ್ಶ ಪ್ರಜೆಗೆ ಸ್ಮಾರಕ ಕಟ್ಟಿಸಿದೆ. ಅವನಿಗೆ ಹೆಸರಿಲ್ಲ, ನಂಬರ್ ಇದೆ. ಅವನ ಕೆಲಸ, ಆರೋಗ್ಯ, ಖರೀದಿ, ಅಭಿಪ್ರಾಯ ಎಲ್ಲದರ ರಿಪೋರ್ಟ್ ಇಲಾಖೆಗಳ ಹತ್ತಿರ ಇದೆ, ಎಲ್ಲ ರಿಪೋರ್ಟೂ ಕ್ಲೀನ್. ಅವನು ಸುಖವಾಗಿದ್ದನಾ ಅನ್ನೋ ಪ್ರಶ್ನೆ ಬಂದಾಗ ಮಾತ್ರ ಅದನ್ನು ಪ್ರಶ್ನೆಯೇ ಅಲ್ಲ ಅಂತ ತಳ್ಳಿಹಾಕುತ್ತಾರೆ. ಯುಎಸ್‌ಎನ್, ಸಿಜಿಪಿಎ, 85 ಪರ್ಸೆಂಟ್ ಅಟೆಂಡೆನ್ಸ್. ನಮ್ಮ ಬಗ್ಗೆ ಕಾಲೇಜಿಗೆ ಎಲ್ಲ ಗೊತ್ತು. ಆ ಒಂದು ಪ್ರಶ್ನೆ ಬಿಟ್ಟು.

ಮುರಿಯುವುದರ ಬಗ್ಗೆ: ಹಿಮ್ ಆಫ್ ಬ್ರೇಕಿಂಗ್ ಸ್ಟ್ರೇನ್

ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಈ ಕವಿತೆಯಿಂದ.

ಮೂರನೇ ಸೆಮಿಸ್ಟರ್. ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್. ಮೈಲ್ಡ್ ಸ್ಟೀಲ್ ರಾಡನ್ನು ಯುಟಿಎಂ ಮೆಷಿನ್ನಿನಲ್ಲಿ ಕಚ್ಚಿಸಿ ಎಳೆಯುವುದು. ಯೀಲ್ಡ್ ಪಾಯಿಂಟ್ ಬರುತ್ತದೆ, ಆಮೇಲೆ ನಡುವೆ ಸೊಂಟ ಸಣ್ಣಗಾಗುತ್ತದೆ, ಆಮೇಲೆ ‘ಠಪ್’ ಅಂತ ಮುರಿಯುತ್ತದೆ. ರೀಡಿಂಗ್ ರೆಕಾರ್ಡಿಗೆ ಬರೆದುಕೊಳ್ಳುತ್ತೇವೆ. ಲ್ಯಾಬ್ ಮುಗಿದ ಮೇಲೆ ನಮ್ಮ ಸರ್, ‘ಇದರ ಮೇಲೆ ಕಿಪ್ಲಿಂಗ್ ಒಂದು ಪದ್ಯ ಬರೆದಿದ್ದಾನೆ, ಓದಿದ್ದೀರಾ?’ ಅಂದರು. ನಾವು ಜೋಕ್ ಅಂದುಕೊಂಡೆವು.

ಜೋಕಲ್ಲ. ರಡ್ಯಾರ್ಡ್ ಕಿಪ್ಲಿಂಗ್ 1935ರಲ್ಲಿ, ಸಾಯುವ ಹಿಂದಿನ ವರ್ಷ, ಅದನ್ನು ಬರೆದ. ಅವನಿಗೆ ಇಂಜಿನಿಯರುಗಳ ನಂಟು ಹಳೆಯದು. ಕೆನಡಾದಲ್ಲಿ ಇಂಜಿನಿಯರಿಂಗ್ ಮುಗಿಸಿದವರು ಕಿರುಬೆರಳಿಗೆ ಕಬ್ಬಿಣದ ಉಂಗುರ ಹಾಕಿಕೊಂಡು ಪ್ರಮಾಣ ಮಾಡುತ್ತಾರಲ್ಲ, 1925ರಲ್ಲಿ ಶುರುವಾದ ಆ ಪ್ರಮಾಣದ ಮಾತುಗಳನ್ನು ಬರೆದುಕೊಟ್ಟವನು ಇವನೇ. 1907ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು 75 ಕೆಲಸಗಾರರನ್ನು ಬಲಿ ತೆಗೆದುಕೊಂಡ ಕ್ವಿಬೆಕ್ ಸೇತುವೆಯ ಕಬ್ಬಿಣದಿಂದಲೇ ಮೊದಲ ಉಂಗುರಗಳನ್ನು ಮಾಡಿದರು ಅಂತ ಒಂದು ಕಥೆ ಇದೆ. ಕಥೆ ನಿಜವಲ್ಲ, ಆದರೆ ಅದು ಯಾಕೆ ಹುಟ್ಟಿತು ಅಂತ ಯಾವ ಇಂಜಿನಿಯರಿಗೂ ಬಿಡಿಸಿ ಹೇಳಬೇಕಿಲ್ಲ.

ಕವಿತೆ ಹೇಳುವುದು ಇಷ್ಟು. ಕಲ್ಲು, ಉಕ್ಕು ಎಷ್ಟು ಭಾರ ತಡೆಯುತ್ತವೆ ಅಂತ ಟೆಕ್ಸ್ಟ್‌ಬುಕ್ಕಿನಲ್ಲಿ ಟೇಬಲ್ ಇದೆ. ಹಾಗಾಗಿ ಸೇತುವೆ ಬಿದ್ದರೆ ತಪ್ಪು ಉಕ್ಕಿನದಲ್ಲ, ಕಟ್ಟಿದವನದು. ಆದರೆ ಮನುಷ್ಯನನ್ನು ಮಾಡಿದ ದೇವರು ಅಂಥ ಟೇಬಲ್ ಕೊಟ್ಟಿಲ್ಲ. ಯಾರು ಎಷ್ಟು ತಡೆದುಕೊಳ್ಳುತ್ತಾರೆ ಅಂತ ಮೊದಲೇ ತಿಳಿಯುವುದಿಲ್ಲ. ಮುರಿದವರೇ ಎದ್ದು ಪುನಃ ಕಟ್ಟಲು ನಿಲ್ಲುವ ಶಕ್ತಿ ಬೇಡಿಕೊಂಡು ಕವಿತೆ ಮುಗಿಯುತ್ತದೆ.

ನಾವು ಅದನ್ನು ಓದಿದ ಹೊತ್ತಿಗೆ ನಮ್ಮ ಫ್ಲೋರಿನ ಗೆಳೆಯನೊಬ್ಬ ಎರಡು ವಾರದಿಂದ ರೂಮು ಬಿಟ್ಟು ಹೊರಗೆ ಬಂದಿರಲಿಲ್ಲ. ನಾಲ್ಕು ಸಬ್ಜೆಕ್ಟ್ ಹೋಗಿದ್ದವು. ರಿಸಲ್ಟ್ ಬಂದ ದಿನ ನಾವೆಲ್ಲ ‘ಚಿಲ್ ಮಾಡು ಮಗಾ, ಬ್ಯಾಕ್ ಎಲ್ಲರಿಗೂ ಇರುತ್ತೆ’ ಅಂತ ಬೆನ್ನು ತಟ್ಟಿ ಮೆಸ್ಸಿಗೆ ಹೋಗಿದ್ದೆವು. ನಮ್ಮ ಲೆಕ್ಕದಲ್ಲಿ ನಾಲ್ಕು ಬ್ಯಾಕ್‌ಲಾಗ್ ಅಂದರೆ ಸಣ್ಣ ಲೋಡು. ಅವನ ಲೆಕ್ಕ ಬೇರೆ ಇತ್ತು. ಮನೆಯಲ್ಲಿ ಜಮೀನು ಅಡವಿಟ್ಟು ಫೀಸ್ ಕಟ್ಟಿದ್ದಾರೆ ಅಂತ ನಮಗೆ ಗೊತ್ತೇ ಇರಲಿಲ್ಲ. ಒಂದು ರಾಡಿನ ಸೊಂಟ ಸಣ್ಣಗಾಗುವುದನ್ನು ಬಗ್ಗಿ ನೋಡಿ ರೀಡಿಂಗ್ ತಗೊಂಡವರು, ಪಕ್ಕದ ರೂಮಿನವನನ್ನು ನೋಡಿರಲಿಲ್ಲ.

ಆ ರಾತ್ರಿ ಅವನ ಬಾಗಿಲು ತಟ್ಟಿದೆವು. ಕವಿತೆ ಓದಿ ಅವನು ಸರಿಹೋದ ಅಂತ ಸಿನಿಮಾ ಕಥೆ ಹೇಳಲ್ಲ. ಕಾಲೇಜಿನ ಕೌನ್ಸೆಲರ್ ಮೇಡಂ ಹತ್ತಿರ ಕರೆದುಕೊಂಡು ಹೋದದ್ದು, ಊರಿನಿಂದ ಅವರ ಅಮ್ಮ ಬಂದು ನಾಲ್ಕು ದಿನ ಇದ್ದದ್ದು, ಅದರಿಂದ ಅವನು ಚೇತರಿಸಿಕೊಂಡ. ಕವಿತೆ ಮಾಡಿದ್ದು ಒಂದೇ ಕೆಲಸ, ನಮ್ಮನ್ನು ಬಾಗಿಲವರೆಗೆ ಕಳಿಸಿದ್ದು. ಇಷ್ಟನ್ನು ಅವನಿಗೆ ಓದಿ ತೋರಿಸಿ, ಅವನು ಸರಿ ಅಂದ ಮೇಲೆ ಬರೆದಿದ್ದೇವೆ.

ಇನ್ನೊಂದು ಮಾತು. ಈ ಕಿಪ್ಲಿಂಗ್ ಹುಟ್ಟಿದ್ದು ಮುಂಬೈಯಲ್ಲಿ, ಆದರೆ ನಮ್ಮಂಥವರನ್ನು ಆಳುವುದು ಬಿಳಿಯರ ಕರ್ತವ್ಯ ಅಂತ ಬರೆದವನೂ ಅವನೇ. ಅದನ್ನು ಮುಚ್ಚಿಟ್ಟು ಶಿಫಾರಸು ಮಾಡುವುದು ಸರಿಯಲ್ಲ. ನಮ್ಮಲ್ಲಿ ಇದರ ಮೇಲೆ ಜಗಳವೇ ಆಯಿತು. ಕೊನೆಗೆ ನಾವು ಒಪ್ಪಿಕೊಂಡದ್ದು: ಆ ಮನುಷ್ಯನಿಗೆ ಕೈ ಮುಗಿಯಬೇಕಿಲ್ಲ, ಈ ಕವಿತೆಯನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ.

ಭರವಸೆಯ ಬಗ್ಗೆ, ಅಪ್ಪನ ಬಗ್ಗೆ

ಎಮಿಲಿ ಡಿಕಿನ್ಸನ್ ಸುಮಾರು 1,800 ಕವಿತೆ ಬರೆದರು. ಬದುಕಿದ್ದಾಗ ಅಚ್ಚಾದದ್ದು ಬೆರಳೆಣಿಕೆಯಷ್ಟು. 1886ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿಗೆ ಹಸ್ತಪ್ರತಿಗಳು ಸಿಕ್ಕವು. ಭರವಸೆಯನ್ನು ಪುಟ್ಟ ಹಕ್ಕಿಯಾಗಿ ಕಂಡ ಅವರ ಹನ್ನೆರಡು ಸಾಲಿನ ಕವಿತೆಯನ್ನು ಇಂಟರ್ನಲ್ಸ್ ಹಿಂದಿನ ರಾತ್ರಿಯೂ ಓದಬಹುದು, ಎರಡು ನಿಮಿಷ ಸಾಕು. ಲ್ಯಾಬ್ ರೆಕಾರ್ಡಿನ ಕೊನೇ ಪುಟದಲ್ಲಿ ಕವಿತೆ ಬರೆದು ಯಾರಿಗೂ ತೋರಿಸದೆ ಇಟ್ಟುಕೊಂಡವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ. ಅವರಿಗೆ ಈ ಕವಯಿತ್ರಿ ಗೊತ್ತಿರಲಿ.

‘ಇಂಟರ್‌ಸ್ಟೆಲ್ಲರ್’ ನೋಡದ ಇಂಜಿನಿಯರಿಂಗ್ ಹುಡುಗರು ಕಮ್ಮಿ. ಅದರಲ್ಲಿ ಪ್ರೊಫೆಸರ್ ಬ್ರ್ಯಾಂಡ್ ಹೇಳುವ ಕವಿತೆ ಡಿಲನ್ ಥಾಮಸ್‌ನ ‘ಡು ನಾಟ್ ಗೋ ಜೆಂಟಲ್ ಇಂಟು ದಟ್ ಗುಡ್ ನೈಟ್’, 1951ರಲ್ಲಿ ಅಚ್ಚಾದದ್ದು. ಸಿನಿಮಾದಲ್ಲಿ ಅದು ಬಾಹ್ಯಾಕಾಶದ ಸಾಹಸಕ್ಕೆ. ಮೂಲದಲ್ಲಿ ಅದು ಕಣ್ಣು ಮಂಜಾಗಿ ಸಾವಿನತ್ತ ಸಾಗುತ್ತಿದ್ದ ಅಪ್ಪನಿಗೆ ಮಗ ಹೇಳಿದ್ದು. ವಿಲನೆಲ್ ಅನ್ನುವ ಈ ರೂಪದಲ್ಲಿ 19 ಸಾಲು, ಎರಡೇ ಪ್ರಾಸ, ಎರಡು ಸಾಲು ತಲಾ ನಾಲ್ಕು ಸಲ ಬರಬೇಕು. ನೆಸ್ಟೆಡ್ ಲೂಪ್ ಬರೆದವರಿಗೆ ಇದರ ಕಷ್ಟ ಗೊತ್ತು. ಇಷ್ಟು ಬಿಗಿಯಾದ ಕೋಡಿನೊಳಗೆ ಅಷ್ಟು ಅಳು ಹೇಗೆ ಹಿಡಿಸಿತು? ಕವಿ ತಾನೇ ಓದಿದ ರೆಕಾರ್ಡಿಂಗ್ ನೆಟ್‌ನಲ್ಲಿದೆ, ಹೆಡ್‌ಫೋನ್ ಹಾಕಿ ಕೇಳಿ.

ಭಾಷೆಯ ಬಗ್ಗೆ: ದ ಸಾಲಿಟರಿ ರೀಪರ್

ವರ್ಡ್ಸ್‌ವರ್ತ್ ಅಂದರೆ ಡ್ಯಾಫೊಡಿಲ್ಸ್ ಅಂತ ನಮಗೆ ಹೇಳಿಕೊಟ್ಟಿದ್ದರು. ಕಂಡೇ ಇರದ ಹೂವಿನ ಮೇಲೆ ನಾವು ಪ್ರಬಂಧ ಬರೆದೆವು. ಅದಕ್ಕಿಂತ ಈ ಕವಿತೆ ನಮಗೆ ಹತ್ತಿರ. ಎರಡೂ ಅಚ್ಚಾದದ್ದು 1807ರಲ್ಲೇ.

ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಒಬ್ಬ ಹುಡುಗಿ ಒಂಟಿಯಾಗಿ ಪೈರು ಕೊಯ್ಯುತ್ತಾ ಹಾಡುತ್ತಿದ್ದಾಳೆ. ಆ ಸೀಮೆಯವರ ಮಾತು ಗೇಲಿಕ್. ದಾರಿಹೋಕನಿಗೆ ಅದು ಬರುವುದಿಲ್ಲ. ಅವಳು ಏನು ಹಾಡುತ್ತಿದ್ದಾಳೆ ಅಂತ ಯಾರಾದರೂ ಹೇಳುತ್ತೀರಾ ಅಂತ ಕೇಳುತ್ತಾನೆ. ಯಾವುದೋ ಹಳೇ ಯುದ್ಧದ ಕಥೆಯೋ, ಇವತ್ತಿನ ಮನೆಯ ಸಂಕಟವೋ? ಉತ್ತರ ಸಿಗುವುದಿಲ್ಲ. ಹಾಡನ್ನು ಎದೆಯಲ್ಲಿಟ್ಟುಕೊಂಡು ಬೆಟ್ಟ ಹತ್ತುತ್ತಾನೆ.

ಇದನ್ನು ಕನ್ನಡದಲ್ಲಿ ಹೇಳುವ ಸರದಿ ಬಂದಾಗ ನಮ್ಮ ಗುಂಪಿನ ಒಬ್ಬಳು ಸುಮ್ಮನಾದಳು. ಅವಳ ಅಜ್ಜಿ ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಅವಳು ಚಿಕ್ಕಂದಿನಲ್ಲಿ ಕೇಳಿದ್ದಳು. ರಾಗ ನೆನಪಿದೆ, ಮಾತು ಒಂದೂ ಇಲ್ಲ. ರಜೆಗೆ ಊರಿಗೆ ಹೋದಾಗಲೆಲ್ಲ ಕೈಯಲ್ಲಿ ಫೋನ್ ಇತ್ತು, ರೆಕಾರ್ಡ್ ಮಾಡಬೇಕು ಅನ್ನಿಸಲಿಲ್ಲ. ಅಜ್ಜಿ ಹೋದ ವರ್ಷ ತೀರಿಕೊಂಡರು. ‘ವರ್ಡ್ಸ್‌ವರ್ತ್‌ಗೆ ಗೇಲಿಕ್ ಬರ್ತಿರಲಿಲ್ಲ, ನೆವ ಇತ್ತು. ನಂಗೆ ಏನು ನೆವ?’ ಅಂದಳು. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮ ಮನೆಯ ಭಾಷೆಯ ಮುಂದೆಯೇ ನಾವು ದಾರಿಹೋಕರಾಗಿ ನಿಂತಿದ್ದೇವೆ ಅಂತ ನಮಗೆ ಹೇಳಿಕೊಟ್ಟದ್ದು ಒಂದು ಇಂಗ್ಲಿಷ್ ಕವಿತೆ.

ಹಾಗಾದರೆ ನಾವು ಯಾವ ಪಾರ್ಟಿ?

‘ಕುವೆಂಪು, ಬೇಂದ್ರೆಯನ್ನೇ ಓದದ ನೀವು ಮೊದಲು ಅವರನ್ನು ಓದಿ, ಆಮೇಲೆ ಶೆಲ್ಲಿ’ ಅಂತ ಕೆಲವರು ಹೇಳಬಹುದು. ಮಾತು ನ್ಯಾಯವಾದದ್ದೇ. ಆದರೆ ಕುವೆಂಪು ಅವರ ಮೊದಲ ಪುಸ್ತಕ ಇಂಗ್ಲಿಷ್ ಕವಿತೆಗಳದ್ದು, 1922ರ ‘ಬಿಗಿನರ್ಸ್ ಮ್ಯೂಸ್’. ಆಗ ಅವರು ನಮಗಿಂತ ಚಿಕ್ಕವರು. ನಿನ್ನ ಭಾಷೆಯಲ್ಲಿ ಬರಿ ಅಂತ ಅವರಿಗೆ ಹೇಳಿದ್ದು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ಇನ್ನು ನಮ್ಮ ಅಮ್ಮಂದಿರು ದೇವರ ಮುಂದೆ ದೀಪ ಹಚ್ಚಿ ಗುನುಗುವ, ಎಷ್ಟೋ ಶಾಲೆಗಳಲ್ಲಿ ಪ್ರಾರ್ಥನೆಯಾಗಿ ಹಾಡಿಸುವ ‘ಕರುಣಾಳು ಬಾ ಬೆಳಕೆ’ ಇದೆಯಲ್ಲ, ಅದು ಇಂಗ್ಲಿಷಿನಿಂದ ಬಂದದ್ದು ಅಂತ ನಮಗೆ ತಿಳಿದದ್ದೇ ಈ ವರ್ಷ. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ಪಾದ್ರಿ ಸಿಸಿಲಿಯಲ್ಲಿ ಜ್ವರ ಬಂದು ಸಾಯುವ ಹಾಗಾಗಿ, ಚೇತರಿಸಿಕೊಂಡು, ಕಿತ್ತಳೆ ಹಣ್ಣು ತುಂಬಿದ ಹಡಗಿನಲ್ಲಿ ಊರ ಕಡೆ ಹೊರಟ. ಗಾಳಿ ಬೀಸದೆ ಹಡಗು ನಡುಗಡಲಲ್ಲಿ ನಿಂತುಬಿಟ್ಟಿತು. ಆಗ ಬರೆದದ್ದು ‘ಲೀಡ್, ಕೈಂಡ್ಲಿ ಲೈಟ್’. ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಅದನ್ನು ಕನ್ನಡಕ್ಕೆ ತಂದರು. 1926ರ ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಅದಿದೆ. ಹೊಸಗನ್ನಡ ಕಾವ್ಯದ ದಾರಿ ತೆರೆದ ಪುಸ್ತಕ ಅಂತ ಅದನ್ನು ಕರೆಯುತ್ತಾರೆ. ಬಿಎಂಶ್ರೀ ಇಂಗ್ಲಿಷ್ ಓದಿದ್ದು ಕನ್ನಡ ಬಿಡಲು ಅಲ್ಲ, ಕನ್ನಡಕ್ಕೆ ತರಲು.

ನಮ್ಮ ಪ್ರಸ್ತಾಪ ಸಣ್ಣದು. ಕನ್ನಡ ಸಂಘ ವಾರಕ್ಕೊಂದು ಸಂಜೆ, ಅರ್ಧ ಗಂಟೆ, ಕ್ಯಾಂಟೀನ್ ಹಿಂದಿನ ಕಟ್ಟೆಯ ಮೇಲೆ ಒಂದು ಇಂಗ್ಲಿಷ್ ಕವಿತೆ, ಒಂದು ಕನ್ನಡ ಕವಿತೆ ಓದಿಸಲಿ. ಇಂಗ್ಲಿಷಿನದನ್ನು ಕನ್ನಡದಲ್ಲಿ ಹೇಳೋಣ. ತಪ್ಪಾದರೂ ಪರವಾಗಿಲ್ಲ, ತೊದಲಿದರೂ ಪರವಾಗಿಲ್ಲ. ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷಿಗೆ ಹೆದರುವವರೂ, ಇಂಗ್ಲಿಷ್ ಮೀಡಿಯಂನಿಂದ ಬಂದು ಕನ್ನಡಕ್ಕೆ ಹೆದರುವವರೂ ಒಬ್ಬರಿಗೊಬ್ಬರು ಬೇಕಾಗುತ್ತಾರೆ ಅಲ್ಲಿ. ನಮ್ಮ ಅನುಭವದಲ್ಲಿ, ಸೆಂಟ್ರಲ್ ಐಡಿಯಾ ಇಂಗ್ಲಿಷಿನಲ್ಲಿ ಬರೆಯುವಾಗ ಗೈಡಿನಿಂದ ಕದಿಯಬಹುದು. ಕನ್ನಡದಲ್ಲಿ ಗೆಳೆಯರಿಗೆ ಹೇಳುವಾಗ ಕದಿಯಲು ಏನೂ ಇಲ್ಲ, ಕವಿತೆಯನ್ನು ಓದಿರಲೇಬೇಕು.

ಮೇಲೆ ಹೇಳಿದ ಹಳೆಯ ಕವಿತೆಗಳು ನೆಟ್‌ನಲ್ಲಿ ಫ್ರೀಯಾಗಿ ಸಿಗುತ್ತವೆ. ಒಂದೇ ಒಂದನ್ನು ಇವತ್ತು ರಾತ್ರಿ ಓದಿ, ಜೋರಾಗಿ. ರೂಮ್‌ಮೇಟ್ ‘ಏನಾಯ್ತೋ ನಿಂಗೆ?’ ಅಂದರೆ ಅವನಿಗೂ ಕನ್ನಡದಲ್ಲಿ ಹೇಳಿ. ಯಾರ ಬಾಗಿಲಾದರೂ ತುಂಬಾ ದಿನದಿಂದ ಮುಚ್ಚಿದ್ದರೆ, ಕವಿತೆ ಪಕ್ಕಕ್ಕಿಟ್ಟು ಮೊದಲು ಅದನ್ನು ತಟ್ಟಿ. ಊರಲ್ಲಿ ಅಜ್ಜಿ ಇನ್ನೂ ಹಾಡುತ್ತಿದ್ದರೆ, ಈ ರಜೆಗೆ ಹೋದಾಗ ಫೋನ್ ಅವರ ಮುಂದಿಟ್ಟು ಕೇಳಿ: ‘ಅಜ್ಜೀ, ಆ ಪದದ ಅರ್ಥ ಏನು?’